ಬದಿಯಲ್ಲಿ ನಿಂತು ಕೈ ತೋರಿಸುವವರು



ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಬಿಟ್ಟರೆ ಬೇರೆ ಆಟಗಳ ಮಾತು ನಮ್ಮ ಅರಳಿಕಟ್ಟೆಗಳಲ್ಲಿ ಬರುವುದು ಕಡಿಮೆ. ಇಂದು ನಾನು ಹೇಳಹೊರಟಿರುವುದು ಮಂಜುಗಡ್ಡೆಯ ಮೇಲಿನ ಓಟದ ವಿಷಯ. ನಮ್ಮ ಗೋರಂಟ್ಲದ ಪಕ್ಕದ ಚಿತ್ರಾವತಿಯಲ್ಲಿ ನೀರು ತುಂಬಿ ಹರಿಯುವುದೇ ಅಪರೂಪ. ಅದು ಹೆಪ್ಪುಗಟ್ಟುವ ಮಾತೆಲ್ಲಿ ಬಂತು? ಮಂಜುಗಡ್ಡೆ ಎಂದರೆ ನಮಗೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿತಾಟು ಸುತ್ತಿ ಇಟ್ಟಿರುವ ಗಡ್ಡೆ, ಅಷ್ಟೇ. ಆದರೆ ನೆದರ್ಲೆಂಡ್ಸ್, ನಾರ್ವೆಯಂಥ ಚಳಿಯ ದೇಶಗಳಲ್ಲಿ ಜನ ಬೂಟಿನ ಅಡಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಜಾರುತ್ತ ಓಡಾಡಿದರು. ಅದೇ ಮುಂದೆ ಪಂದ್ಯವಾಗಿ ಸ್ಪೀಡ್ ಸ್ಕೇಟಿಂಗ್ ಎನಿಸಿಕೊಂಡಿತು.

ಅಲಗಿನ ಬದಲು ಚಕ್ರ ಹಾಕಿಕೊಂಡು ರಸ್ತೆಯ ಮೇಲೆ ಆಡುವ ಇದೇ ಬಗೆಯ ಆಟದಲ್ಲಿ ನಮ್ಮ ದಕ್ಷಿಣದವರೂ ಹೆಸರು ಮಾಡಿದ್ದಾರೆ. ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ ಎಂಬ ಯುವಕ 2025ರ ಸೆಪ್ಟೆಂಬರಿನಲ್ಲಿ ಚೀನಾದ ಬೈದೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಾವಿರ ಮೀಟರ್ ಓಟದಲ್ಲೂ 42 ಕಿಲೋಮೀಟರ್ ಮ್ಯಾರಥಾನ್‌ನಲ್ಲೂ ಚಿನ್ನದ ಪದಕ ಗೆದ್ದರು. ಆದ್ದರಿಂದ ಈ ಆಟ ನಮಗೆ ತೀರಾ ಹೊರಗಿನದೆಂದು ತಿಳಿಯಬೇಕಾಗಿಲ್ಲ.

ಈಗ ಮಂಜುಗಡ್ಡೆಯ ಪಂದ್ಯಕ್ಕೆ ಬರೋಣ. ಮೈದಾನದ ಒಂದು ಸುತ್ತು 400 ಮೀಟರ್. ಇಬ್ಬಿಬ್ಬರನ್ನು ಜೊತೆ ಮಾಡಿ ಬಿಡುತ್ತಾರೆ, ಒಬ್ಬ ಒಳಪಥದಲ್ಲಿ, ಇನ್ನೊಬ್ಬ ಹೊರಪಥದಲ್ಲಿ. ಗೆಲುವು ಮಾತ್ರ ಗಡಿಯಾರದ ಲೆಕ್ಕದಲ್ಲಿ. ಎಲ್ಲ ಜೋಡಿಗಳಲ್ಲಿ ಯಾರ ಕಾಲ ಕಡಿಮೆಯೋ ಅವರಿಗೆ ಚಿನ್ನ. ಹಿಂದೆ ಕಣದಲ್ಲಿ ಎತ್ತುಗಳಿಂದ ತುಳಿಸುತ್ತಿದ್ದುದನ್ನು ಕಂಡವರಿಗೆ ಇದರ ಸಮಸ್ಯೆ ಬೇಗ ತಿಳಿಯುತ್ತದೆ. ಮೇಟಿಗೆ ಹತ್ತಿರವಿರುವ ಎತ್ತಿಗೆ ನಡಿಗೆ ಕಡಿಮೆ, ಹೊರಗಿನ ಎತ್ತಿಗೆ ಹೆಚ್ಚು. ಇಲ್ಲಿಯೂ ಹಾಗೆಯೇ. ಒಂದು ತಿರುವಿನಲ್ಲೇ ಒಳಗಿನವನಿಗೆ ಹತ್ತು ಮೀಟರಿಗೂ ಹೆಚ್ಚು ದಾರಿ ಉಳಿಯುತ್ತದೆ. ಇದನ್ನು ಸರಿದೂಗಿಸಲು ಪ್ರತಿ ಸುತ್ತಿನಲ್ಲೂ ಒಂದು ಗೊತ್ತಾದ ಜಾಗದಲ್ಲಿ ಇಬ್ಬರೂ ಪಥ ಬದಲಿಸಬೇಕು. ಒಳಗಿನವನು ಹೊರಕ್ಕೆ, ಹೊರಗಿನವನು ಒಳಕ್ಕೆ. ತಪ್ಪಿದರೆ ಪಂದ್ಯದಿಂದಲೇ ಹೊರಗೆ.

2010ರ ಫೆಬ್ರವರಿ 23. ಕೆನಡಾದ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್. ಪುರುಷರ 10,000 ಮೀಟರ್, ಎಂದರೆ 25 ಸುತ್ತು. ನೆದರ್ಲೆಂಡ್ಸಿನ ಸ್ವೆನ್ ಕ್ರಾಮರ್ ಹತ್ತು ದಿನ ಮೊದಲು 5,000 ಮೀಟರಿನಲ್ಲಿ ಚಿನ್ನ ಗೆದ್ದಿದ್ದ. ಈ ದೂರದಲ್ಲೂ ಅವನೇ ಗೆಲ್ಲುವನೆಂದು ಎಲ್ಲರೂ ನಂಬಿದ್ದರು. ಅವನಿಗಿಂತ ಮೊದಲು ಓಡಿದ್ದ ದಕ್ಷಿಣ ಕೊರಿಯಾದ ಲೀ ಸುಂಗ್ ಹೂನ್ 12 ನಿಮಿಷ 58.55 ಸೆಕೆಂಡಿನ ಒಲಿಂಪಿಕ್ ದಾಖಲೆ ಮಾಡಿ ಕಾದು ಕುಳಿತಿದ್ದ. ಅದು ಗಂಟೆಗೆ 46 ಕಿಲೋಮೀಟರ್ ವೇಗ; ಎಂಜಿನ್ ಇಲ್ಲ, ಎರಡು ಕಾಲು ಮಾತ್ರ.

ಕ್ರಾಮರ್ ಆ ದಾಖಲೆಗಿಂತಲೂ ವೇಗವಾಗಿ ಸಾಗುತ್ತಿದ್ದ. ಇನ್ನು ಸುಮಾರು ಎಂಟು ಸುತ್ತು ಬಾಕಿ. ಪಥ ಬದಲಿಸುವ ಜಾಗ ಬಂತು. ಅವನು ಸರಿಯಾಗಿಯೇ ಹೊರಪಥದತ್ತ ಹೊರಟಿದ್ದ. ಆಗ ಬದಿಯಲ್ಲಿ ನಿಂತಿದ್ದ ತರಬೇತುದಾರ ಗೆರಾರ್ಡ್ ಕೆಮ್ಕರ್ಸ್ ಒಳಕ್ಕೆ ಎಂದು ಕೂಗಿ ಕೈ ತೋರಿಸಿದರು. ಅವರೇನು ಆಟ ತಿಳಿಯದವರಲ್ಲ. 1988ರ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಸ್ವತಃ ಕಂಚು ಗೆದ್ದವರು. ಕ್ರಾಮರ್‌ಗೆ ಅರೆಕ್ಷಣ ಗೊಂದಲವಾಯಿತು. ಆ ವೇಗದಲ್ಲಿ ನಿಂತು ಯೋಚಿಸುವುದು ಎಲ್ಲಿ? ಗುರುವಿನ ಮಾತು ನಂಬಿ ಕಡೆಯ ಗಳಿಗೆಯಲ್ಲಿ ಗೆರೆ ದಾಟಿ ಒಳಕ್ಕೆ ನುಗ್ಗಿದ.

ಕೆಮ್ಕರ್ಸ್‌ಗೆ ಸ್ವಲ್ಪ ಹೊತ್ತಿನಲ್ಲೇ ತಮ್ಮ ತಪ್ಪು ಅರಿವಾಯಿತು. ಓಡುತ್ತಿದ್ದವನಿಗೆ ಅದು ಗೊತ್ತಾಗಲಿಲ್ಲ. ಉಳಿದ ಸುತ್ತುಗಳನ್ನೂ ಮುಗಿಸಿ, 12 ನಿಮಿಷ 54.50 ಸೆಕೆಂಡಿಗೆ ಗೆರೆ ಮುಟ್ಟಿ, ಗೆದ್ದೆನೆಂದು ಕೈ ಎತ್ತಿದ. ಆಮೇಲೆ ಗುರುವೇ ಹತ್ತಿರ ಬಂದು ನಡೆದುದನ್ನು ಹೇಳಬೇಕಾಯಿತು. ಕ್ರಾಮರ್ ಕಣ್ಣಿನ ಕನ್ನಡಕ ಕಿತ್ತು ಎಸೆದ. ಲೆಕ್ಕ ಹಾಕಿದರೆ ಅವನು ಲೀಗಿಂತ ನಾಲ್ಕು ಸೆಕೆಂಡು, ಅಂದರೆ ಐವತ್ತು ಮೀಟರಿನಷ್ಟು ಮುಂದಿದ್ದ. ತಪ್ಪು ಪಥದಿಂದ ಉಳಿದ ಹತ್ತು ಹನ್ನೆರಡು ಮೀಟರ್ ಅವನಿಗೆ ಬೇಕಾಗಿಯೇ ಇರಲಿಲ್ಲ. ಆದರೂ ನಿಯಮ ನಿಯಮವೇ. ಚಿನ್ನ ಲೀಗೆ ಹೋಯಿತು.

ಆ ಲೀ ಯಾರೆಂಬುದೂ ತಿಳಿಯತಕ್ಕದ್ದು. ಅವನು ಮೊದಲು ಚಿಕ್ಕ ಅಂಕಣದ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್ ಆಡುತ್ತಿದ್ದವನು. 2009ರಲ್ಲಿ ಆ ತಂಡಕ್ಕೆ ಆಯ್ಕೆಯಾಗದೆ, ಅದೇ ವರ್ಷ ಈ ದೂರದ ಓಟಕ್ಕೆ ಬದಲಾಯಿಸಿಕೊಂಡ. ವರ್ಷ ತುಂಬುವ ಮೊದಲೇ ಒಲಿಂಪಿಕ್ ಚಿನ್ನ. ವಿಜೇತರ ವೇದಿಕೆಯ ಮೇಲೆ ಬೆಳ್ಳಿ ಗೆದ್ದ ರಷ್ಯಾದ ಸ್ಕೋಬ್ರೆವ್, ಕಂಚು ಗೆದ್ದ ನೆದರ್ಲೆಂಡ್ಸಿನ ಬಾಬ್ ಡಿ ಯಾಂಗ್ ಸೇರಿ ಅವನನ್ನು ಹೆಗಲ ಮೇಲೆ ಎತ್ತಿದರು.

ಬಂಧುಗಳೇ, ಈ ಕಥೆ ನಮಗೇಕೆ? ಗಡಿಯ ಹಳ್ಳಿಗಳಲ್ಲಿ ನಮ್ಮ ಮಕ್ಕಳೂ ಎರಡು ಪಥಗಳಲ್ಲಿ ಓಡುವವರೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ತೆಲುಗು. ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುವುದರಲ್ಲಿ ತಪ್ಪೇನಿಲ್ಲ, ಅದು ನಮ್ಮ ಬಾಳಿನ ಕ್ರಮವೇ ಆಗಿದೆ. ಆದರೆ ದಾಟಲು ಒಂದು ಜಾಗವಿದೆ, ಒಂದು ಹೊತ್ತಿದೆ. ಯಾವ ಶಾಲೆ, ಯಾವ ಮಾಧ್ಯಮ, ಹತ್ತನೆಯ ತರಗತಿ ಆದ ಮೇಲೆ ಹಿಂದೂಪುರವೋ ಬೆಂಗಳೂರೋ ಎಂದು ಬದಿಯಲ್ಲಿ ನಿಂತು ಕೈ ತೋರಿಸುವವರು ನಾವು, ತಂದೆತಾಯಿ, ಮೇಷ್ಟರು, ಊರ ಹಿರಿಯರು. ಪಕ್ಕದ ಮನೆಯವರನ್ನು ನೋಡಿ ಎಂಟನೆಯ ತರಗತಿಯಲ್ಲಿ ಇದ್ದಕ್ಕಿದ್ದಂತೆ ಮಾಧ್ಯಮ ಬದಲಿಸುವುದುಂಟು. ಮಗು ನಮ್ಮನ್ನು ನಂಬಿ ತಿರುಗುತ್ತದೆ. ಎಷ್ಟು ಕಷ್ಟಪಟ್ಟು ಓಡಿದರೂ ಆ ನಷ್ಟ ಅದರ ಲೆಕ್ಕಕ್ಕೇ ಬರೆಯಲ್ಪಡುತ್ತದೆ, ನಮ್ಮ ಲೆಕ್ಕಕ್ಕಲ್ಲ. ಕೂಗುವ ಮೊದಲು ಮಗು ಈಗ ಯಾವ ಪಥದಲ್ಲಿದೆ, ಸರಿಯಾಗಿಯೇ ಹೋಗುತ್ತಿದೆಯೇ ಎಂದು ಒಮ್ಮೆ ತಲೆಯೆತ್ತಿ ನೋಡುವ ತಾಳ್ಮೆ ನಮಗಿರಬೇಕು.

ಇನ್ನೊಂದು ಮಾತು. ಕೆಮ್ಕರ್ಸ್ ತಪ್ಪನ್ನು ಯಾರ ಮೇಲೂ ಹಾಕಲಿಲ್ಲ, ತನ್ನದೇ ಎಂದು ಒಪ್ಪಿದರು. ಕ್ರಾಮರ್ ಅಂದು ಸಿಟ್ಟಾದರೂ ಗುರುವನ್ನು ಬಿಡಲಿಲ್ಲ. 2014ರ ಸೋಚಿ ಒಲಿಂಪಿಕ್ಸಿನವರೆಗೂ ಅವರೊಂದಿಗೇ ಇದ್ದು ಅಲ್ಲಿ 5,000 ಮೀಟರ್ ಮತ್ತೆ ಗೆದ್ದ. 2018ರಲ್ಲಿ ಮೂರನೆಯ ಸಲವೂ ಗೆದ್ದ. ಆದರೆ 10,000 ಮೀಟರಿನ ಒಲಿಂಪಿಕ್ ಚಿನ್ನ ಮಾತ್ರ ಅವನಿಗೆ ಕಡೆಗೂ ದಕ್ಕಲಿಲ್ಲ. 2014ರಲ್ಲಿ ಬೆಳ್ಳಿ, 2018ರಲ್ಲಿ ಆರನೆಯ ಸ್ಥಾನ. ಗುರುಶಿಷ್ಯರ ನಂಟು ಉಳಿಯಿತು, ಕಳೆದ ಚಿನ್ನ ಮರಳಲಿಲ್ಲ. ಮಕ್ಕಳಿಗೆ ದಾರಿ ಹೇಳುವ ನಾವು ಇವೆರಡನ್ನೂ ನೆನಪಿನಲ್ಲಿಟ್ಟುಕೊಳ್ಳೋಣ.