ಮನೆಯ ಎಲೆಬಳ್ಳಿಗೆ ಯಾವ ಜಾಗ?

ಹಬ್ಬ ಬಂತೆಂದರೆ ಎಲೆ ಬೇಕು, ನೆಂಟರು ಬಂದರೆ ಎಲೆ ಬೇಕು. ಸಂತೆಯಲ್ಲಿ ಕೇಳಿದಷ್ಟು ದುಡ್ಡು ಕೊಟ್ಟು ತರುವುದೇಕೆ, ಮನೆಯ ಹತ್ತಿರವೇ ಒಂದು ಬಳ್ಳಿ ಹಬ್ಬಿಸೋಣ ಎಂದು ಬಹಳ ಜನ ನೆಡುತ್ತಾರೆ. ಕೆಲವು ತಿಂಗಳು ನಳನಳಿಸುತ್ತದೆ. ಮಳೆಗಾಲದಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ ಜೋತುಬೀಳುತ್ತದೆ. “ನಮ್ಮ ಮನೆಗೆ ಎಲೆಬಳ್ಳಿ ಆಗಿಬರೋದಿಲ್ಲ” ಅಂತ ಕೈಬಿಡುತ್ತಾರೆ. ನೆಟ್ಟ ಜಾಗ ಎಂಥದು ಎಂದು ನೋಡುವವರು ಕಡಿಮೆ.

ವೀಳ್ಯದೆಲೆ ಕಾಳುಮೆಣಸಿನ ದಾಯಾದಿ. ಸೆಖೆ, ತೇವ ಎರಡೂ ಇರುವ ಕಡೆ ಮರದ ನೆರಳಿಗೆ ಹಬ್ಬುವ ಜಾತಿ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಆಸರೆಯನ್ನು ಕಚ್ಚಿಕೊಳ್ಳುತ್ತದೆ. ಅದಕ್ಕೇ ತೋಟದಲ್ಲಿ ಅಗಸೆ, ಹಾಲುವಾಣ, ನುಗ್ಗೆಗೆ, ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಹಬ್ಬಿಸುವುದು. ಮನೆಯಲ್ಲೂ ಅಂಥ ಎಡೆಯನ್ನೇ ಹುಡುಕಬೇಕು.

ಮನೆಯ ಮೂಡಲ ಮಗ್ಗುಲು ಅಥವಾ ಬಡಗಲ ಮಗ್ಗುಲು ಒಳ್ಳೆಯದು. ಬೆಳಗಿನ ಎಳೆಬಿಸಿಲು ಬೀಳಲಿ. ಪಡುವಣ ಗೋಡೆಯ ಬಳಿ ಇಳಿಹೊತ್ತಿನ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ. ಬಯಲುಸೀಮೆಯ ಒಣಗಾಳಿಯೂ ಸೇರಿದರೆ ಕೇಳುವುದೇ ಬೇಡ. ಹಾಗಂತ ಕತ್ತಲೆಮೂಲೆಗೂ ನೂಕಬೇಡಿ. ಬೆಳಕು ಹುಡುಕಿಕೊಂಡು ಬಳ್ಳಿ ಉದ್ದಕ್ಕೆ ಓಡುತ್ತೆ, ಎಲೆ ತೆಳ್ಳಗಾಗುತ್ತೆ. ಮಣ್ಣುಗೋಡೆಗೆ ನೇರವಾಗಿ ಹಬ್ಬಿಸಿದರೆ ಗೋಡೆಗೆ ತೇವ. ಒಂದು ಹಾಲುವಾಣದ ಗೂಟ ನೆಟ್ಟರೆ ಸಾಕು. ನುಗ್ಗೆಯೂ ಆದೀತು, ಆದರೆ ಕಂಬಳಿಹುಳು ಬೀಳುವ ಮರ. ಬಾಗಿಲ ಪಕ್ಕ ಬೇಡ.

ಇನ್ನು ಬಚ್ಚಲ ಮಾತು. ಬಚ್ಚಲ ನೀರು ಹರಿಯುವಲ್ಲಿ ಎಲೆಬಳ್ಳಿ ಇಡುವುದು ಹಿಂದಿನಿಂದ ಬಂದ ರೂಢಿ. ಬಳ್ಳಿಗೆ ತೇವ ಬೇಕು, ನಿಜ. ಆದರೆ ಕೆಸರು ಬೇಡ. ನೀರು ನಿಂತ ಕಡೆ ಬುಡಕೊಳೆ ರೋಗ ಹತ್ತುತ್ತದೆ. ಬುಡ ಕಪ್ಪಾಗಿ ಮೆತ್ತಗಾಗುತ್ತದೆ, ಎಲೆ ಹಳದಿಯಾಗಿ ಜೋಲುತ್ತದೆ. ರೋಗದ ಬೀಜ ಮಣ್ಣಿನಲ್ಲೇ ಉಳಿಯುವುದರಿಂದ ಅದೇ ಗುಂಡಿಗೆ ಇನ್ನೊಂದು ಬಳ್ಳಿ ನೆಟ್ಟರೆ ಅದಕ್ಕೂ ಅದೇ ಗತಿ.

ಜಾಗ ಪರೀಕ್ಷೆ ಮಾಡೋದು ಸುಲಭ. ಒಂದೂವರೆ ಅಡಿ ಗುಂಡಿ ತೋಡಿ, ಸಂಜೆ ಒಂದು ಕೊಡ ನೀರು ಸುರಿಯಿರಿ. ಬೆಳಗ್ಗೆಯೂ ನೀರು ನಿಂತಿದ್ದರೆ ಆ ಜಾಗ ಬಿಡಿ, ಇಲ್ಲವೆ ಗೇಣೆತ್ತರ ದಿಬ್ಬ ಮಾಡಿ ಅದರ ಮೇಲೆ ನೆಡಿ.

ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ಹೊಲಕ್ಕೆ ಔಷಧಿ ಹೊಡೆದು ಬಂದವರು ಪಂಪು ತೊಳೆಯುವುದು ಸಾಮಾನ್ಯವಾಗಿ ಎಲ್ಲಿ? ಬಚ್ಚಲ ಮಗ್ಗುಲಲ್ಲೇ ಅಲ್ಲವೆ? ಆ ನೀರು ಹರಿದು ಬರುವ ಕಡೆ ಎಲೆಬಳ್ಳಿ ಖಂಡಿತ ಇರಕೂಡದು. ವೀಳ್ಯದೆಲೆಯನ್ನು ನಾವು ಬೇಯಿಸುವುದಿಲ್ಲ, ಹಸಿಯಾಗಿಯೇ ಅಗಿಯುತ್ತೇವೆ. ಕೆಮ್ಮು ಬಂದ ಮಗುವಿಗೆ ಅದರ ರಸ ಕೊಡುವ ಮನೆಗಳೂ ಉಂಟು. ಗಾಳಿಗೆ ಔಷಧಿಯ ತುಂತುರು ಬೀಳುವ ಹೊಲದಂಚೂ ಬೇಡ. ಪಂಪು ತೊಳೆಯುವುದಂತೂ ಮನೆಯಿಂದ, ಬಾವಿಯಿಂದ ದೂರದಲ್ಲೇ ಆಗಬೇಕು, ಬಳ್ಳಿ ಇರಲಿ ಬಿಡಲಿ.

ಹಿತ್ತಲೇ ಇಲ್ಲದವರು ತಳದಲ್ಲಿ ತೂತಿರುವ ಕುಂಡದಲ್ಲಿ ನೆಡಬಹುದು. ಮಣ್ಣಿಗೆ ಮರಳು, ಹಳೆಯ ಗೊಬ್ಬರ ಬೆರೆಸಿ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ, ಮೂಡಲ ಕಿಟಕಿಯ ಬಳಿ ಇಡಿ. ಒಲೆಯ ಝಳ ತಾಗದಿರಲಿ.

ಮುಂಗಾರು ಹಿಡಿದ ಮೇಲೆ, ರೋಗವಿಲ್ಲದ ಬಲಿತ ಬಳ್ಳಿಯಿಂದ 3–4 ಗೆಣ್ಣಿನ ತುಂಡು ತಂದು, 2 ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಚಿಗುರುವ ತನಕ ಗರಿಯ ನೆರಳು ಕೊಡಿ. ಸುತ್ತ ನಾಲ್ಕು ಮುಳ್ಳುಕೊಂಬೆ ಸಿಕ್ಕಿಸುವುದನ್ನು ಮರೀಬೇಡಿ. ಬೇರು ಮೇಲೆಯೇ ಇರುವುದರಿಂದ ಕೋಳಿ ಒಂದು ಸಲ ಕೆದಕಿದರೂ ಸಾಕು, ಬಳ್ಳಿ ಹೋಯಿತು.