ಮೆಣಸಿನಕಾಯಿ ಕೊಳೆ ರೋಗ ಮತ್ತು ತಳಿಯ ಗುಟ್ಟು

(ಮೋಟೆಬೆನ್ನೂರಿನ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಿಮ್ಮಲ್ಲಿ ಅನೇಕರಿಗೆ ಹಾಲಿನ ಹಣ ದಿನದ ಸಂಸಾರಕ್ಕೆ, ಮೆಣಸಿನಕಾಯಿ ಹಣ ವರ್ಷದ ಸಾಲಕ್ಕೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಬಣ್ಣದಿಂದ. ಹಣ್ಣು ಕೊಳೆ ರೋಗ ಕೆಡಿಸುವುದು ಆ ಬಣ್ಣವನ್ನೇ. ಹಣ್ಣಿನ ಮೇಲೆ ಗುಳಿಬಿದ್ದ ಕಲೆ, ಅದರಲ್ಲಿ ಕಪ್ಪು ಚುಕ್ಕೆಗಳ ಸುತ್ತು, ತುದಿಯಿಂದ ಒಣಗುವ ಟೊಂಗೆ, ಕಣದಲ್ಲಿ ಬಿಳುಚಿದ ಕಾಯಿ: ಇವು ಅದರ ಗುರುತುಗಳು.

ಇದಕ್ಕೆ ಕಾರಣ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. 1913ರಲ್ಲಿ ಕೊಯಮತ್ತೂರಿನ ಮೆಣಸಿನಕಾಯಿಯಿಂದಲೇ ಇದರ ಒಂದು ಜಾತಿಯನ್ನು ವರ್ಣಿಸಲಾಯಿತು. ನೋಡಲು ಒಂದೇ ಎನಿಸಿದರೂ ಅದರ ಡಿ.ಎನ್.ಎ. ಪರೀಕ್ಷಿಸಿದಾಗ ಹಲವು ಜಾತಿಗಳಿರುವುದು ತಿಳಿಯಿತು. ಜಗತ್ತಿನಲ್ಲಿ ಮೆಣಸಿನಕಾಯಿಗೆ ತಗಲುವ ಇಂಥ ಜಾತಿಗಳು 20ಕ್ಕೂ ಹೆಚ್ಚು. ಆದ್ದರಿಂದ ಒಂದು ಜಾತಿಯನ್ನು ತಡೆಯುವ ಗಿಡ ಇನ್ನೊಂದಕ್ಕೆ ಬಲಿಯಾಗಬಹುದು.

ತಡೆಯುವ ಗುಣ ಎಲ್ಲಿದೆ? ತೈವಾನಿನ ವಿಶ್ವ ತರಕಾರಿ ಕೇಂದ್ರದ ಸಂಗ್ರಹದಲ್ಲಿರುವ ಪಿ.ಬಿ.ಸಿ. 80 ಎಂಬ ತಳಿಯಲ್ಲಿ ಅದು ಗಟ್ಟಿಯಾಗಿದೆ. ಆದರೆ ಅದು ನಮ್ಮ ಮೆಣಸಿನಕಾಯಿಯ ಜಾತಿಯಲ್ಲ, ದಕ್ಷಿಣ ಅಮೆರಿಕ ಮೂಲದ ಬಕ್ಕಾಟಮ್ ಜಾತಿ. ಎಮ್ಮೆಗೆ ಹೋರಿಯ ವೀರ್ಯ ಕೊಟ್ಟರೆ ಗಬ್ಬ ನಿಲ್ಲದು. ಇಲ್ಲಿ ಅಷ್ಟು ಅಸಾಧ್ಯವಲ್ಲ, ಆದರೂ ಸಂಕರದ ಬೀಜ ಬೆಳೆಯುವುದು ಬಹಳ ಕಷ್ಟ. ಮೇಲಾಗಿ ಹಸಿರು ಕಾಯಿಯನ್ನು ಕಾಯುವ ವಂಶವಾಹಿ ಬೇರೆ, ಕೆಂಪು ಹಣ್ಣನ್ನು ಕಾಯುವುದು ಬೇರೆ. ಹಾಲು ಹೆಚ್ಚಿಸಲು ಹೋಗಿ ಜಿಡ್ಡು ಕಳೆದುಕೊಂಡರೆ ಲಾಭವೇನು? ಹಾಗೆಯೇ ರೋಗ ತಡೆಯುವ ಗುಣ ತರುವಾಗ ಬ್ಯಾಡಗಿಯ ಬಣ್ಣ, ಸುಕ್ಕು ಉಳಿಯಬೇಕು. ಅದಕ್ಕೆ ಹಲವು ಪೀಳಿಗೆಗಳ ಸಂಕರಣ ಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈ ರೋಗ ಬೀಜದ ಮೂಲಕವೂ ಬರುತ್ತದೆ. ಒಳ್ಳೆಯ ಕರುವಿಗೆ ಒಳ್ಳೆಯ ತಾಯಿಯನ್ನು ಆರಿಸುವ ನೀವು ಬೀಜಕ್ಕೂ ಕಲೆಯಿಲ್ಲದ ಗಿಡದ, ಕಲೆಯಿಲ್ಲದ ಹಣ್ಣನ್ನೇ ಆರಿಸಿರಿ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸಿ ಬಿತ್ತಿರಿ. ಕೊಳೆತ ಹಣ್ಣು, ಒಣಗಿದ ಟೊಂಗೆಗಳನ್ನು ಆರಿಸಿ ಸುಡಿರಿ, ತಿಪ್ಪೆಗೆ ಹಾಕಬೇಡಿರಿ. ಔಷಧಿ ಲೇಪಿಸಿ ಉಳಿದ ಬೀಜವನ್ನಾಗಲಿ, ಸಿಂಪರಣೆ ಬಿದ್ದ ಬದುವಿನ ಹುಲ್ಲನ್ನಾಗಲಿ ದನಗಳಿಗೆ ಹಾಕಬೇಡಿರಿ. ಅದರ ಅಂಶ ಹಾಲಿಗೂ ಇಳಿಯಬಹುದು.

ಹೊಸ ತಳಿ ಬರಲು ವರ್ಷಗಳು ಬೇಕು. ಒಳ್ಳೆಯ ಬೀಜ ಮಾತ್ರ ಈ ಸುಗ್ಗಿಯಲ್ಲೇ ನಿಮ್ಮ ಕೈಯಲ್ಲಿದೆ.