ಮಾತಿಲ್ಲದ ಆಟಗಳಿಂದ ಮಾತು ಕಲಿಸುವ ಬಗೆ
(ಗಡಿನಾಡಿನ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉಚಿತವಾಗಿ ಇಳಿಸಿಕೊಳ್ಳಬಹುದಾದ, ಹಳೆಯ ಗಣಕಯಂತ್ರಗಳಲ್ಲಿಯೂ ನಡೆಯುವ, ಸ್ವಲ್ಪ ವಿಚಿತ್ರವೆನಿಸುವ ಐದು ಚಿಕ್ಕ ಆಟಗಳನ್ನು ಇಂದು ನಿಮಗೆ ಪರಿಚಯಿಸಬೇಕೆಂದಿದ್ದೇನೆ. ಕನ್ನಡ ಬೋಧನೆಯ ಶಿಬಿರದಲ್ಲಿ ಗಣಕಯಂತ್ರದ ಆಟಗಳಿಗೇನು ಕೆಲಸ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಏಳುವುದು ಸಹಜ. ನಾನೂ ಆ ಪ್ರಶ್ನೆಯನ್ನು ಬಹುಕಾಲ ಕೇಳುತ್ತಿದ್ದವಳೇ. ಪಾಠಕ್ಕೆ ಬಾರದ ಆಟಗಳನ್ನೆಲ್ಲ ಶಾಲೆಯ ಯಂತ್ರಗಳಿಂದ ಅಳಿಸಿಹಾಕುವಂತೆ ಸಲಹೆ ನೀಡಿದವಳೂ ಹೌದು. ಆ ಅಭಿಪ್ರಾಯ ಹೇಗೆ ಬದಲಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕಾಸರಗೋಡು ಕಡೆಯ ಒಂದು ಶಾಲೆಯಲ್ಲಿ ಐದನೆಯ ತರಗತಿಯ ಕನ್ನಡ ಪಾಠವನ್ನು ವೀಕ್ಷಿಸುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗ ಇಡೀ ಅವಧಿಯಲ್ಲಿ ಬಾಯಿ ತೆರೆಯಲಿಲ್ಲ. ಶಿಕ್ಷಕಿ ಎರಡು ಬಾರಿ ಪ್ರಶ್ನೆ ಕೇಳಿದರು. ಎರಡು ಬಾರಿಯೂ ಅವನು ಎದ್ದು ನಿಂತು ನೆಲ ನೋಡಿದ. ವೀಕ್ಷಣಾ ಪತ್ರದಲ್ಲಿ ಅವನ ಹೆಸರಿನ ಮುಂದೆ ‘ಮೌಖಿಕ ಸಾಮರ್ಥ್ಯ ದುರ್ಬಲ’ ಎಂದು ಬರೆದೆ. ಮಧ್ಯಾಹ್ನ ಕಂಪ್ಯೂಟರ್ ಕೊಠಡಿಯ ಮುಂದೆ ಹಾದುಹೋಗುವಾಗ ಒಳಗಿನಿಂದ ಒಂದು ಕೂಗು ಕೇಳಿಸಿತು: “ಬೇಡ, ಬೇಡ! ಅದನ್ನು ದೂಡಿದರೆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ತದೆ, ಆಮೇಲೆ ತೆಗೆಯಲಿಕ್ಕೆ ಆಗುವುದಿಲ್ಲ!” ಇಣುಕಿ ನೋಡಿದರೆ ಅದೇ ಹುಡುಗ. ಅವನ ಮನೆಮಾತು ಮಲಯಾಳ, ಪಕ್ಕದಲ್ಲಿದ್ದವನ ಮನೆಮಾತು ತುಳು. ಇಬ್ಬರಿಗೂ ಸಮಾನವಾಗಿದ್ದುದು ಶಾಲೆಯ ಕನ್ನಡ. ಅವನ ಆ ಒಂದು ಮಾತಿನಲ್ಲಿ ಷರತ್ತು ಇತ್ತು, ನಿಷೇಧವಿತ್ತು, ಕಾರಣವಿತ್ತು, ಮುಂದಾಲೋಚನೆಯೂ ಇತ್ತು. ವೀಕ್ಷಣಾ ಪತ್ರದಲ್ಲಿ ಬರೆದದ್ದನ್ನು ಹೊಡೆದುಹಾಕಿದೆ. ದೌರ್ಬಲ್ಯವಿದ್ದದ್ದು ನಾವು ಕೇಳುತ್ತಿದ್ದ ಪ್ರಶ್ನೆಗಳಲ್ಲಿ. ಉತ್ತರ ಮೊದಲೇ ಗೊತ್ತಿರುವವರು ಕೇಳುವ ಪ್ರಶ್ನೆಗೆ ಮಗು ಏಕೆ ಮಾತನಾಡಬೇಕು? ಗೆಳೆಯನ ಕೈ ತಪ್ಪು ಗುಂಡಿ ಒತ್ತುವುದನ್ನು ತಡೆಯಬೇಕಾದಾಗ ಮಾತು ತಾನಾಗಿ ಬಂದಿತು.

ಗಡಿನಾಡಿನ ನಮ್ಮ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ರಾಜ್ಯಭಾಷೆ, ಯಂತ್ರದ ಪರದೆಯ ಮೇಲೆ ಇಂಗ್ಲಿಷ್. ಕನ್ನಡಕ್ಕೆ ಉಳಿಯುವುದು ನೋಟುಪುಸ್ತಕ ಮತ್ತು ಪರೀಕ್ಷೆ. ಜಗಳವಾಡಲು, ಊಹಿಸಲು, ಎಚ್ಚರಿಸಲು ಬಳಕೆಯಾಗದ ಭಾಷೆ ಮಕ್ಕಳ ಬಾಯಿಯಲ್ಲಿ ಹೆಚ್ಚು ಕಾಲ ನಿಲ್ಲದು. ಕನ್ನಡದಲ್ಲಿಯೇ ರಚಿತವಾದ ಆಟಗಳು ಹೇರಳವಾಗಿದ್ದರೆ ಈ ಚಿಂತೆ ಇರುತ್ತಿರಲಿಲ್ಲ. ಅಂತಹವು ಬರುವವರೆಗೆ ನಾನು ಕಂಡುಕೊಂಡ ದಾರಿ ಇದು: ತಾನು ಮಾತನಾಡದ ಆಟವನ್ನು ಆರಿಸಿ. ಆಟವು ಬಿಟ್ಟುಕೊಟ್ಟ ಆ ಖಾಲಿ ಜಾಗವನ್ನು ಮಕ್ಕಳು ಕನ್ನಡದಿಂದ ತುಂಬಲಿ.

ಒಂದು ಯಂತ್ರ, ಮೂವರು ಮಕ್ಕಳು

ಆಟಗಳಿಗೆ ಮೊದಲು ವಿಧಾನವನ್ನು ತಿಳಿಸುತ್ತೇನೆ. ವಿಧಾನವಿಲ್ಲದಿದ್ದರೆ ಇವು ಬರಿಯ ಕಾಲಹರಣ. ಒಂದು ಯಂತ್ರದ ಮುಂದೆ ಮೂವರನ್ನು ಕೂರಿಸಿ. ಒಬ್ಬರು ‘ಕೈ’: ಮೌಸ್ ಅಥವಾ ಕೀಲಿಮಣೆ ಅವರದು, ಆದರೆ ಸ್ವಂತ ನಿರ್ಧಾರದಿಂದ ಏನನ್ನೂ ಮಾಡುವಂತಿಲ್ಲ. ಇನ್ನೊಬ್ಬರು ‘ಬಾಯಿ’: ಏನು ಮಾಡಬೇಕೆಂದು ಪೂರ್ಣ ವಾಕ್ಯದಲ್ಲಿ ಹೇಳಬೇಕು, ಬೆರಳು ತೋರಿಸುವಂತಿಲ್ಲ. ಮೂರನೆಯವರು ‘ಲೇಖನಿ’: ಹೊಸದಾಗಿ ಬಂದ ಪದಗಳನ್ನೂ ಒಳ್ಳೆಯ ವಾಕ್ಯಗಳನ್ನೂ ಬರೆದುಕೊಳ್ಳಬೇಕು. ಐದು ನಿಮಿಷಕ್ಕೊಮ್ಮೆ ಸ್ಥಾನ ಬದಲಾಗಲಿ. ಒಂದು ಸುತ್ತಿಗೆ ಹದಿನೈದು ನಿಮಿಷ ಸಾಕು. ಉಳಿದ ಅವಧಿ ‘ಲೇಖನಿ’ ಬರೆದದ್ದನ್ನು ತರಗತಿಯಲ್ಲಿ ಓದಿ ಚರ್ಚಿಸುವುದಕ್ಕೆ.

ಮಕ್ಕಳು ತಮ್ಮತಮ್ಮ ಮನೆಮಾತಿನಲ್ಲಿ ಗುಸುಗುಸು ಮಾಡಿಕೊಂಡರೆ ಗದರಬೇಡಿ. ಕೈಗೆ ಸಲ್ಲುವ ಅಂತಿಮ ವಾಕ್ಯ ಕನ್ನಡದ್ದಾಗಿರಲಿ, ಅಷ್ಟೆ ನಿಯಮ. ಊರ ಕನ್ನಡವನ್ನೂ ತಿದ್ದಬೇಡಿ. ಕರಾವಳಿಯ ಮಗು ‘ದೂಡು’ ಎನ್ನುತ್ತದೆ, ಸೊಲ್ಲಾಪುರದ ಕಡೆಯ ಮಗು ‘ದಬ್ಬು’ ಎಂದೀತು, ಪಠ್ಯಪುಸ್ತಕ ‘ತಳ್ಳು’ ಎನ್ನುತ್ತದೆ. ಮೂರನ್ನೂ ಹಲಗೆಯ ಮೇಲೆ ಬರೆಯಿರಿ. ತನ್ನ ಮನೆಯ ಮಾತು ಹಲಗೆಯ ಮೇಲೆ ಬಂದುದನ್ನು ಕಂಡ ಮಗು ಮರುದಿನ ಇನ್ನೊಂದು ಪದವನ್ನು ತರುತ್ತದೆ.

ಗೋದಾಮಿನ ಪೆಟ್ಟಿಗೆಗಳು: ಸೋಕೊಬಾನ್

ಆ ಹುಡುಗ ಆಡುತ್ತಿದ್ದುದು ಈ ಆಟದ ಒಂದು ರೂಪ. ಜಪಾನಿನ ಹಿರೋಯುಕಿ ಇಮಾಬಯಾಶಿ ಎಂಬವರು ರೂಪಿಸಿದ ಸೋಕೊಬಾನ್ 1982ರಲ್ಲಿ ಪ್ರಕಟವಾಯಿತು. ಗೋದಾಮನ್ನು ನೋಡಿಕೊಳ್ಳುವವನು ಎಂಬುದು ಆ ಹೆಸರಿನ ಅರ್ಥ. ಗೋದಾಮಿನಲ್ಲಿ ಪೆಟ್ಟಿಗೆಗಳಿವೆ, ಅವುಗಳನ್ನು ಗುರುತು ಮಾಡಿದ ಮನೆಗಳಿಗೆ ಸೇರಿಸಬೇಕು. ಪೆಟ್ಟಿಗೆಯನ್ನು ದೂಡಬಹುದು, ಎಳೆಯುವಂತಿಲ್ಲ. ಒಮ್ಮೆಗೆ ಒಂದನ್ನು ಮಾತ್ರ. ಮೂಲೆ ಸೇರಿದ ಪೆಟ್ಟಿಗೆ ಅಲ್ಲಿಯೇ ಉಳಿಯುತ್ತದೆ. ಇದರ ಹಲವು ಉಚಿತ ರೂಪಗಳು ದೊರೆಯುತ್ತವೆ. ‘ಜೆಸೋಕೋ’ ಅಂತಹ ಒಂದು ಮುಕ್ತ ತಂತ್ರಾಂಶ.

ವಿಧ್ಯರ್ಥಕ ಕ್ರಿಯಾಪದ, ಚತುರ್ಥೀ ಮತ್ತು ಸಪ್ತಮೀ ವಿಭಕ್ತಿಗಳ ಅಭ್ಯಾಸಕ್ಕೆ ಇದು ಒಳ್ಳೆಯ ಕಣ. “ಎರಡು ಮನೆ ಮೇಲಕ್ಕೆ ಹೋಗು. ಪೆಟ್ಟಿಗೆಯ ಎಡಬದಿಗೆ ಬಾ. ಬಲಕ್ಕೆ ಒಮ್ಮೆ ದೂಡು.” ಪ್ರತ್ಯಯ ತಪ್ಪಿದರೆ ಪೆಟ್ಟಿಗೆಯೂ ದಾರಿ ತಪ್ಪುತ್ತದೆ, ತಪ್ಪನ್ನು ಶಿಕ್ಷಕರು ಎತ್ತಿ ತೋರಿಸುವ ಅಗತ್ಯವೇ ಬೀಳದು.

ಗಂಟು ಬಿಡಿಸುವುದು, ಗುಟ್ಟು ಊಹಿಸುವುದು: ಸೈಮನ್ ಟೇಥಮ್ ಅವರ ಒಗಟುಗಳು

ಬ್ರಿಟನ್ನಿನ ತಂತ್ರಾಂಶ ರಚಕ ಸೈಮನ್ ಟೇಥಮ್ ಅವರ ‘ಪೋರ್ಟಬಲ್ ಪಜಲ್ ಕಲೆಕ್ಷನ್’ ಸುಮಾರು 40 ಪುಟ್ಟ ಒಗಟುಗಳ ಸಂಗ್ರಹ. ಪಟ್ಟಿ ಎಂಬ ಪ್ರಸಿದ್ಧ ತಂತ್ರಾಂಶವನ್ನು ಬರೆದವರೂ ಇವರೇ. ಜಾಹೀರಾತಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವೂ ಬೇಡ. ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ನಡೆಯುತ್ತದೆ. ಇವುಗಳಲ್ಲಿ ಎರಡನ್ನು ಮಾತ್ರ ಸೂಚಿಸುತ್ತೇನೆ.

‘ಅನ್‌ಟ್ಯಾಂಗಲ್’ನಲ್ಲಿ ಗೆರೆಗಳಿಂದ ಬೆಸೆದ ಕೆಲವು ಚುಕ್ಕೆಗಳಿರುತ್ತವೆ. ಯಾವ ಗೆರೆಯೂ ಇನ್ನೊಂದನ್ನು ದಾಟದಂತೆ ಚುಕ್ಕೆಗಳನ್ನು ಸರಿಸಬೇಕು. ಚುಕ್ಕೆಗಳಿಗೆ ಹೆಸರಿಲ್ಲ, ಆದ್ದರಿಂದ “ಮೇಲಿನ ಬಲತುದಿಯಲ್ಲಿರುವ, ಮೂರು ಗೆರೆಗಳು ಕೂಡುವ ಚುಕ್ಕೆಯನ್ನು ನಡುವಿಗೆ ತಾ” ಎಂದು ವಿವರಿಸಲೇಬೇಕಾಗುತ್ತದೆ. ವಿಶೇಷಣ ವಾಕ್ಯಗಳು ಹುಟ್ಟುವುದು ಹೀಗೆ.

‘ಗೆಸ್’ ಆಟದಲ್ಲಿ ಯಂತ್ರವು ಆರು ಬಣ್ಣಗಳಿಂದ ಆಯ್ದು ನಾಲ್ಕು ಬಣ್ಣಗಳ ಸಾಲೊಂದನ್ನು ಬಚ್ಚಿಟ್ಟಿರುತ್ತದೆ. ನಾವು ಊಹಿಸಿದಂತೆಲ್ಲ, ಎಷ್ಟು ಬಣ್ಣಗಳು ಸರಿಯಾದ ಸ್ಥಾನದಲ್ಲಿವೆ, ಎಷ್ಟು ಬಣ್ಣಗಳಿದ್ದರೂ ಸ್ಥಾನ ತಪ್ಪಿವೆ ಎಂದು ಕಪ್ಪು, ಬಿಳಿ ಗುರುತುಗಳಿಂದ ತಿಳಿಸುತ್ತದೆ. ಸಂಭಾವನಾರ್ಥಕ ಕ್ರಿಯಾಪದಗಳನ್ನು ನಮ್ಮ ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಬಳಸುವ ಸಂದರ್ಭ ಮಾತ್ರ ಒದಗುವುದಿಲ್ಲ. ಇಲ್ಲಿ ಒದಗುತ್ತದೆ: “ಎರಡನೆಯದು ಕೆಂಪು ಇದ್ದೀತು. ಹಸಿರು ಇರಲಾರದು, ಏಕೆಂದರೆ ಕಳೆದ ಸಲ ಹಸಿರು ಹಾಕಿದಾಗ ಒಂದು ಗುರುತೂ ಬರಲಿಲ್ಲ.” ‘ಏಕೆಂದರೆ’ ಇಲ್ಲದ ಊಹೆಯನ್ನು ‘ಕೈ’ ಒಪ್ಪಿಕೊಳ್ಳಬಾರದು ಎಂಬ ನಿಯಮ ಮಾಡಿ ನೋಡಿ.

ಎರಡು ಮೀನುಗಳು: ಫಿಶ್ ಫಿಲ್ಲೆಟ್ಸ್

ಜೆಕ್ ದೇಶದ ಆಲ್ಟಾರ್ ಸಂಸ್ಥೆ 1998ರಲ್ಲಿ ಹೊರತಂದ ಈ ಆಟ 2004ರಲ್ಲಿ ಮುಕ್ತ ತಂತ್ರಾಂಶವಾಯಿತು. ಒಂದು ದೊಡ್ಡ ಮೀನು, ಒಂದು ಚಿಕ್ಕ ಮೀನು. ಇಬ್ಬರೂ ಕೋಣೆಯಿಂದ ಹೊರಬರಬೇಕು. ಉಕ್ಕಿನ ವಸ್ತುಗಳನ್ನು ದೊಡ್ಡದು ಮಾತ್ರ ಸರಿಸಬಲ್ಲದು. ಇಕ್ಕಟ್ಟಿನ ಸಂದಿಯಲ್ಲಿ ಚಿಕ್ಕದು ಮಾತ್ರ ನುಸುಳಬಲ್ಲದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಗೆಲ್ಲುವಂತಿಲ್ಲ. ಹಂತಗಳು ಬೇಗನೆ ಕಠಿಣವಾಗುತ್ತವೆ. ಆರಂಭದ ಕೆಲವನ್ನಷ್ಟೇ ಬಳಸಿ.

ಈ ಮೀನುಗಳು ಮಾತನಾಡುತ್ತವಲ್ಲ ಎಂದು ನೀವು ಆಕ್ಷೇಪಿಸಬಹುದು. ನಿಜ, ಆದರೆ ಅವು ಮಾತನಾಡುವುದು ಜೆಕ್ ಭಾಷೆಯನ್ನು! ನಮ್ಮ ತರಗತಿಯ ಕನ್ನಡದ ಮಗುವಿಗೂ ತುಳುವಿನ ಮಗುವಿಗೂ ತೆಲುಗು, ಮರಾಠಿ ಮನೆಯ ಮಗುವಿಗೂ ಅದು ಸಮಾನವಾಗಿ ಅಪರಿಚಿತ. ಅಂದು ಎಲ್ಲರೂ ಒಂದೇ ಮೆಟ್ಟಿಲಿನ ಮೇಲೆ ನಿಲ್ಲುತ್ತಾರೆ. ಪರದೆಯ ಕೆಳಗಿನ ಬರಹವನ್ನು ಮರೆಮಾಡಿ, ದನಿಯ ಏರಿಳಿತವನ್ನು ಮಾತ್ರ ಕೇಳಿಸಿ, “ಈ ಮೀನುಗಳು ಏನು ಹೇಳುತ್ತಿರಬಹುದು?” ಎಂದು ಕೇಳಿ. ಮಕ್ಕಳು ಸಂಭಾಷಣೆ ಬರೆಯಲಿ, ಪಾತ್ರವಹಿಸಿ ಓದಲಿ. ಚಿಕ್ಕ ಮೀನು ದೊಡ್ಡದನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬ ಚರ್ಚೆ ಖಂಡಿತ ಏಳುತ್ತದೆ. ಅದನ್ನು ಬೇಗನೆ ಮುಗಿಸಬೇಡಿ. ಕನ್ನಡದ ಗೌರವವಾಚಕಗಳ ಪಾಠ ಅಲ್ಲಿಯೇ ಇದೆ.

ಪುಟ್ಟ ಗ್ರಹದ ಕಥೆ: ಸಮೊರೊಸ್ಟ್

ಇದೂ ಜೆಕ್ ದೇಶದ್ದೇ. ಯಾಕುಬ್ ದ್ವೋರ್ಸ್ಕಿ ಎಂಬ ಕಲಾವಿದ್ಯಾರ್ಥಿ ಪ್ರಾಗ್ ನಗರದಲ್ಲಿ ತನ್ನ ವ್ಯಾಸಂಗದ ಭಾಗವಾಗಿ ರಚಿಸಿದ್ದು, 2003ರಲ್ಲಿ ಬಂದಿತು. ವಿಚಿತ್ರ ಆಕಾರದ ಬೇರನ್ನೋ ಮರದ ತುಂಡನ್ನೋ ಜೆಕ್ ಭಾಷೆಯಲ್ಲಿ ‘ಸಮೊರೊಸ್ಟ್’ ಎನ್ನುತ್ತಾರೆ. ಅಂತಹ ಬೇರು, ಪಾಚಿಗಳಿಂದಾದ ಗ್ರಹದಲ್ಲಿ ವಾಸಿಸುವ ಕುಳ್ಳನೊಬ್ಬ ದೂರದರ್ಶಕದಲ್ಲಿ ನೋಡುತ್ತಾನೆ: ಇನ್ನೊಂದು ಗ್ರಹ ತನ್ನ ಮನೆಗೆ ಅಪ್ಪಳಿಸಲು ಬರುತ್ತಿದೆ. ಅಲ್ಲಿಗೆ ಹಾರಿ ಹೋಗಿ ಅದನ್ನು ತಪ್ಪಿಸಬೇಕು. ಮಾತಿಲ್ಲ, ಸೂಚನೆಯಿಲ್ಲ, ಎಲ್ಲಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಹುಡುಕಬೇಕು. ಒಂದು ಅವಧಿಯೊಳಗೆ ಮುಗಿಯುತ್ತದೆ. ಅದರ ನವೀಕೃತ ರೂಪವನ್ನು ಅಮಾನಿತಾ ಡಿಸೈನ್ ಸಂಸ್ಥೆ 2021ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದೆ.

ಆಡುವಾಗ ವರ್ತಮಾನ ಕಾಲ, ಮರುದಿನ ಅದೇ ಕಥೆಯ ಬರವಣಿಗೆಯಲ್ಲಿ ಭೂತಕಾಲ: ನಿರೂಪಣೆಗೆ ಇಷ್ಟು ಸಿದ್ಧವಾದ ಸಾಮಗ್ರಿ ಅಪರೂಪ. ಒಂದು ಎಚ್ಚರಿಕೆ: ಇದರ ಒಂದು ದೃಶ್ಯದಲ್ಲಿ ಧೂಮಪಾನ ಮಾಡುವ ವ್ಯಕ್ತಿ ಬರುತ್ತಾನೆ. ನೀವು ಮೊದಲು ಆಡಿ ನೋಡಿ, ಯಾವ ತರಗತಿಗೆ ತಕ್ಕದ್ದೆಂದು ತೀರ್ಮಾನಿಸಿ. ಈ ಮಾತು ಎಲ್ಲ ಆಟಗಳಿಗೂ ಸಲ್ಲುತ್ತದೆ.

ಇಳಿಸಿಕೊಳ್ಳುವ ಮುನ್ನ

‘ಉಚಿತ’ ಮತ್ತು ‘ಮುಕ್ತ’ ಬೇರೆ ಬೇರೆ. ಸಮೊರೊಸ್ಟ್ ಉಚಿತ, ಅಂದರೆ ಹಣ ಕೊಡಬೇಕಾಗಿಲ್ಲ. ಟೇಥಮ್ ಅವರ ಒಗಟುಗಳು ಮತ್ತು ಫಿಶ್ ಫಿಲ್ಲೆಟ್ಸ್ ಮುಕ್ತ, ಅಂದರೆ ಪ್ರತಿ ಮಾಡಿ ಹಂಚಲು, ಬದಲಾಯಿಸಲು ಪರವಾನಗಿಯೇ ಅವಕಾಶ ನೀಡುತ್ತದೆ. ಪೆನ್‌ಡ್ರೈವಿನಲ್ಲಿ ಪಕ್ಕದ ಶಾಲೆಗೆ ಧೈರ್ಯವಾಗಿ ಕೊಡಬಹುದು. ರಚಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಕಂಡಕಂಡಲ್ಲಿ ಮಿನುಗುವ ‘ಡೌನ್‌ಲೋಡ್’ ಗುಂಡಿಗಳನ್ನು ಒತ್ತಬೇಡಿ. ಮಕ್ಕಳ ಹೆಸರು, ಚಿತ್ರ, ದೂರವಾಣಿ ಸಂಖ್ಯೆ ಕೇಳುವ ಯಾವ ಆಟವೂ ಶಾಲೆಗೆ ಬೇಡ. ಕೇರಳದ ಶಾಲೆಗಳ ಯಂತ್ರಗಳು ಉಬುಂಟು ಆಧಾರಿತ ಮುಕ್ತ ತಂತ್ರಾಂಶದಲ್ಲಿ ನಡೆಯುವುದರಿಂದ ಅಲ್ಲಿನ ಶಿಕ್ಷಕರಿಗೆ ಇನ್ನೂ ಸುಲಭ: ಉಬುಂಟುವಿನ ತಂತ್ರಾಂಶ ಭಂಡಾರದಲ್ಲಿ ‘ಎಸ್‌ಜಿಟಿ-ಪಜಲ್ಸ್’, ‘ಫಿಲ್ಲೆಟ್ಸ್-ಎನ್‌ಜಿ’ ಎಂದು ಹುಡುಕಬಹುದು. ಎಲ್ಲಿಯೇ ಆಗಲಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಯಂತ್ರವೇ ಇಲ್ಲದ ಶಾಲೆಯವರು ನಿರಾಶರಾಗಬೇಕಾಗಿಲ್ಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಬರೆದು ಖಾಲಿ ರಟ್ಟಿನ ಪೆಟ್ಟಿಗೆಗಳನ್ನಿಟ್ಟರೆ ಅದೇ ಸೋಕೊಬಾನ್. ಊಹೆಯ ಆಟಕ್ಕೆ ಹುಣಸೆಬೀಜ, ಮಂಜೊಟ್ಟಿ, ಗುಲಗಂಜಿ, ಕಲ್ಲುಹರಳು ಸಾಕು. ಚೆನ್ನೆಮಣೆ, ಹುಲಿ-ಕುರಿ ಆಟಗಳನ್ನು ಆಡಿದ ನಮ್ಮ ಹಿರಿಯರಿಗೆ ಇದು ಹೊಸ ವಿಷಯವೇನಲ್ಲ. ಮಣೆಯೂ ಕಾಯಿಯೂ ಮೂಕ, ಮಾತೆಲ್ಲ ಆಡುವವರದು.

ಈ ಆಟಗಳಿಂದ ಓದು ಬರಹ ತಾನಾಗಿ ಬಂದುಬಿಡುತ್ತದೆಂದು ನಾನು ಹೇಳಲಾರೆ. ಪಾಠಕ್ಕೆ ಇವು ಬದಲಿಯೂ ಅಲ್ಲ. ವಾರಕ್ಕೊಂದು ಅವಧಿ, ಒಂದು ಆಟ, ಒಂದು ತಿಂಗಳು ಪ್ರಯತ್ನಿಸಿ. ಆ ಅವಧಿಯಲ್ಲಿ ನೀವು ಮಾಡಬೇಕಾದ ಮುಖ್ಯ ಕೆಲಸ ಒಂದೇ: ಹಿಂದೆ ನಿಂತು ಕೇಳುವುದು. ನಿಮ್ಮ ತರಗತಿಯಲ್ಲಿಯೂ ನೆಲ ನೋಡುತ್ತ ನಿಲ್ಲುವ ಒಂದು ಮಗು ಇದ್ದೀತು. ಅದರ ಬಗ್ಗೆ ‘ದುರ್ಬಲ’ ಎಂದು ಬರೆಯುವ ಮೊದಲು, ಗೆಳೆಯರ ನಡುವೆ ಅದಕ್ಕೆ ಒಂದು ಬಾರಿ ‘ಬಾಯಿ’ಯ ಸ್ಥಾನವನ್ನು ಕೊಟ್ಟು ನೋಡಿ ಎಂದು ವಿನಂತಿಸಿಕೊಳ್ಳುತ್ತೇನೆ.